ಹ್ವಾಂಗ್‌ಚೀ ಬೇರಿನ ಹೋಳುಗಳು: ಸಿಂಗಪುರದ ಅಡುಗೆಮನೆಯಿಂದ ಒಂದು ವಿಮರ್ಶೆ

ಸಿಂಗಪುರದ ಚೈನಾಟೌನ್‌ನಲ್ಲಿ ‘ಮೆಡಿಕಲ್ ಹಾಲ್’ ಎಂದು ಕರೆಯುವ ಚೀನೀ ಗಿಡಮೂಲಿಕೆಯ ಅಂಗಡಿಗಳು ಬೀದಿಗೊಂದರಂತೆ ಇವೆ. ಅವುಗಳಲ್ಲಿ ಯಾವುದರ ಒಳಗೆ ಕಾಲಿಟ್ಟರೂ, ಓರೆಯಾಗಿ ಸೀಳಿದ, ಬೆರಳುದ್ದದ, ತಿಳಿ ಹಳದಿ ಬಣ್ಣದ ಬೇರಿನ ಹೋಳುಗಳನ್ನು ತುಂಬಿದ ಗಾಜಿನ ಭರಣಿಯೊಂದು ಕಣ್ಣಿಗೆ ಬೀಳದೆ ಇರುವುದಿಲ್ಲ. ಇದೇ ಹ್ವಾಂಗ್‌ಚೀ. ಕ್ಯಾಂಟನೀಸ್ ಮಾತನಾಡುವ ಅಂಗಡಿಯವರು ಇದನ್ನು ‘ಪಾಕ್ ಕೇ’ ಎನ್ನುತ್ತಾರೆ. ಪೊಟ್ಟಣದ ಮೇಲೆ ಆಸ್ಟ್ರಗಲಸ್ ಎಂಬ ಸಸ್ಯಶಾಸ್ತ್ರೀಯ ಹೆಸರೂ ಬರೆದಿರುತ್ತದೆ. ನಮ್ಮ ಮನೆಯಲ್ಲಿ ಈ ಬೇರು ಕೆಲವು ವರ್ಷಗಳಿಂದ ಮೆಂತ್ಯ, ಜೀರಿಗೆಗಳ ಪಕ್ಕದಲ್ಲಿ ಸ್ಥಾನ ಪಡೆದಿದೆ. ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಲವರು ಇದನ್ನು ಕೊಳ್ಳಬಹುದೇ, ಕೊಂಡರೆ ಹೇಗೆ ಬಳಸಬೇಕು ಎಂದು ಕೇಳುತ್ತಿರುವುದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಣ್ಣಿಗೆ ಕಾಣುವ, ಮೂಸಿ ನೋಡಬಹುದಾದ, ಬಾಯಿಗೆ ಹಾಕಿ ಪರೀಕ್ಷಿಸಬಹುದಾದ ಇಡೀ ಹೋಳುಗಳ ರೂಪದಲ್ಲಿ, ಅಡುಗೆಯ ಒಂದು ಪದಾರ್ಥವಾಗಿ ಹ್ವಾಂಗ್‌ಚೀ ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ಮಾರಾಟವಾಗುವ ಅದರ ಮಾತ್ರೆಗಳ ಬಗ್ಗೆ ನಾನು ಅಷ್ಟು ಧೈರ್ಯವಾಗಿ ಹೇಳಲಾರೆ.

ಇದು ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಗಿಡ. ಅಂದರೆ ನಮ್ಮ ತೊಗರಿ, ಹುರುಳಿ, ಕಡಲೆಗಳಿಗೆ ದೂರದ ನೆಂಟ. ಉತ್ತರ ಚೀನಾದ ಒಣ, ಚಳಿ ಪ್ರದೇಶಗಳಲ್ಲಿ, ಮುಖ್ಯವಾಗಿ ಗಾನ್ಸು, ಶಾನ್‌ಶೀ ಮತ್ತು ಒಳ ಮಂಗೋಲಿಯಾ ಭಾಗಗಳಲ್ಲಿ ಬೆಳೆಯುತ್ತದೆ. ಶಾನ್‌ಶೀ ಪ್ರಾಂತದ ಹೆಂಗ್‌ಶಾನ್ ಬೆಟ್ಟಸಾಲಿನ ಬೇರಿಗೆ ಹಿಂದಿನಿಂದಲೂ ಹೆಸರು ಹೆಚ್ಚು. ಅಲ್ಲಿ ಗಿಡವನ್ನು ಬೆಟ್ಟದ ಇಳಿಜಾರಿನಲ್ಲಿ ಕಾಡುಗಿಡದಂತೆ ಐದಾರು ವರ್ಷ ಬೆಳೆಯಲು ಬಿಡುತ್ತಾರೆ. ಬಯಲಿನ ಹೊಲಗಳಲ್ಲಿ ಎರಡು ಮೂರು ವರ್ಷಕ್ಕೇ ಅಗೆಯುವುದುಂಟು. ವಸಂತದಲ್ಲಿ ಅಥವಾ ಶರತ್ಕಾಲದಲ್ಲಿ ಅಗೆದು, ಮೇಲಿನ ಬುಡವನ್ನೂ ಕವಲು ಬೇರುಗಳನ್ನೂ ತೆಗೆದು, ಬಿಸಿಲಿನಲ್ಲಿ ಒಣಗಿಸುತ್ತಾರೆ. ಒಳ್ಳೆಯ ಬೇರು 30ರಿಂದ 90 ಸೆಂಟಿಮೀಟರ್ ಉದ್ದವಿದ್ದು, ಹೆಚ್ಚು ಕವಲೊಡೆಯದೆ ನೇರವಾಗಿ ನೆಲದೊಳಗೆ ಇಳಿದಿರುತ್ತದೆ. ಬೆಲೆಯ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಬೇರಿನ ವಯಸ್ಸು ಮತ್ತು ದಪ್ಪವೇ ಕಾರಣ.

ಒಂದು ಹೋಳನ್ನು ಬೆಳಕಿಗೆ ಹಿಡಿದು ನೋಡುವುದು ಈ ಬೇರಿನ ಗುಣಮಟ್ಟವನ್ನು ತಿಳಿಯಲು ಎಲ್ಲಕ್ಕಿಂತ ಸುಲಭವಾದ ದಾರಿ. ನಡುವೆ ಹಳದಿಯಾದ ತಿರುಳು, ಅದರ ಸುತ್ತ ಕೆನೆಬಣ್ಣದ ಒಂದು ಉಂಗುರ, ಅದರ ಆಚೆಗೆ ತೆಳುವಾದ ಕಂದು ಸಿಪ್ಪೆ ಕಾಣಬೇಕು. ತಿರುಳಿನಿಂದ ಹೊರಕ್ಕೆ ಸೇವಂತಿಗೆಯ ಎಸಳುಗಳಂತೆ ಸಣ್ಣ ಗೆರೆಗಳು ಹರಡಿರುತ್ತವೆ. ಚೀನೀ ವೈದ್ಯರೂ ಇದನ್ನು ಸೇವಂತಿಗೆಯ ತಿರುಳು ಎಂದೇ ಕರೆಯುತ್ತಾರೆ, ಹಳದಿ ತಿರುಳು ಮತ್ತು ಬಿಳಿ ಉಂಗುರದ ಜೋಡಿಗೆ ಚಿನ್ನದ ಬಾವಿ, ಜೇಡ್ ಕಲ್ಲಿನ ಕಟ್ಟೆ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ಹೋಳನ್ನು ಬಗ್ಗಿಸಿದರೆ ಪಟಕ್ಕನೆ ಮುರಿಯುವುದಿಲ್ಲ, ನಾರುನಾರಾಗಿ ಹರಿಯುತ್ತದೆ. ಒಂದು ತುದಿಯನ್ನು ಬಾಯಿಗೆ ಹಾಕಿ ಅಗಿದರೆ ಮೊದಲು ಸಣ್ಣ ಸಿಹಿ, ಆಮೇಲೆ ಹಸಿ ಕಡಲೆಯನ್ನು ಅಗಿದಾಗ ಬರುವಂಥ ಒಂದು ಸೊಗಡು ನಾಲಿಗೆಯ ಮೇಲೆ ಉಳಿಯುತ್ತದೆ. ಈ ಹಸಿಕಾಳಿನ ಸೊಗಡನ್ನು ಚೀನಾದ ಅಧಿಕೃತ ಔಷಧ ಸಂಹಿತೆಯೇ ಬೇರಿನ ಲಕ್ಷಣವೆಂದು ದಾಖಲಿಸಿದೆ. ಸಿಹಿಯೂ ಇಲ್ಲ, ಸೊಗಡೂ ಇಲ್ಲ, ಬರೀ ಕಟ್ಟಿಗೆಯ ರುಚಿ ಎನಿಸಿದರೆ ಅದು ಹಳೆಯ ಸರಕು ಅಥವಾ ಮೊದಲೇ ಸಾರ ತೆಗೆದ ಬೇರು ಎಂದು ಸಂಶಯಪಡುವುದು ಸರಿ.

ನಾನು ಸಾಮಾನ್ಯವಾಗಿ ಹೋಗುವ ಅಂಗಡಿ ಒಂದು ಕುಟುಂಬದವರು ನಡೆಸುವ ಚಿಕ್ಕ ಮೆಡಿಕಲ್ ಹಾಲ್. ಗೋಡೆಯುದ್ದಕ್ಕೂ ಮರದ ಸಣ್ಣ ಖಾನೆಗಳು, ಮುಂದೆ ಗಾಜಿನ ಕಟ್ಟೆ, ಅದರ ಮೇಲೆ ತೂಗುವ ತಕ್ಕಡಿ. ಹಳೆಯ ಅಂಗಡಿಗಳಲ್ಲಿ ಇಂದಿಗೂ ಗ್ರಾಂ ಜೊತೆಗೆ ತಹಿಲ್ ಲೆಕ್ಕ ಉಳಿದಿದೆ. ಒಂದು ತಹಿಲ್ ಅಂದರೆ ಸುಮಾರು 37.8 ಗ್ರಾಂ, ಹದಿನಾರು ತಹಿಲ್ ಸೇರಿದರೆ ಒಂದು ಕಟಿ. ಮೊದಲ ಸಲ ಕೊಳ್ಳುವವರಿಗೆ ಒಂದೆರಡು ತಹಿಲ್ ಸಾಕು. ಅಂಗಡಿಯ ಹಿರಿಯರು ಬೇರನ್ನು ತೂಗುವ ಮೊದಲು ಕೇಳುವ ಪ್ರಶ್ನೆಯೇ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿಸಿತು: “ಆಂಟಿ, ಇದು ಯಾರಿಗೆ? ಮನೆಯಲ್ಲಿ ಯಾರಿಗಾದರೂ ಈಗ ಜ್ವರ, ನೆಗಡಿ, ಗಂಟಲುನೋವು ಇದೆಯೇ?” ಇದೆ ಎಂದರೆ ಅವರು ಬೇರನ್ನು ಕೊಟ್ಟರೂ ಅದು ವಾಸಿಯಾದ ಮೇಲೆಯೇ ಬಳಸಿ ಎಂದು ಎರಡೆರಡು ಸಲ ಹೇಳುತ್ತಾರೆ. ಜ್ವರವಿರುವಾಗ ಹ್ವಾಂಗ್‌ಚೀ ಕುಡಿಯುವುದೆಂದರೆ ಕಳ್ಳ ಮನೆಯೊಳಗಿರುವಾಗಲೇ ಬಾಗಿಲಿಗೆ ಚಿಲಕ ಹಾಕಿದಂತೆ ಎಂಬುದು ಚೀನೀ ವೈದ್ಯರ ಹಳೆಯ ಮಾತು. ಸರಕನ್ನು ಮಾರುವುದಕ್ಕಿಂತ ಮೊದಲು ಕೊಳ್ಳುವವರ ಮನೆಯ ಸ್ಥಿತಿಯನ್ನು ವಿಚಾರಿಸುವ ಈ ಪದ್ಧತಿ ಸೂಪರ್ ಮಾರ್ಕೆಟ್ಟಿನ ಕಪಾಟಿನಲ್ಲಿ ಸಿಗುವುದಿಲ್ಲ. ಈ ಒಂದು ಕಾರಣಕ್ಕಾಗಿಯೇ ನಾನು ಹೊಸಬರಿಗೆ ಅಂಗಡಿಗೇ ಹೋಗಿ ಎಂದು ಸಲಹೆ ಕೊಡುತ್ತೇನೆ.

ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿದ ಪೊಟ್ಟಣದ ಅನುಭವ ಇದಕ್ಕೆ ತದ್ವಿರುದ್ಧ. ಚಿತ್ರದಲ್ಲಿ ಹೋಳುಗಳು ಅಗಲವಾಗಿ, ಅಂದವಾಗಿ ಕಂಡಿದ್ದವು. ಬಂದ ಸರಕು ಅಸಹಜವಾಗಿ ಬೆಳ್ಳಗಿತ್ತು, ಪೊಟ್ಟಣ ಬಿಚ್ಚಿದೊಡನೆ ಮೂಗಿಗೆ ಹುಳಿಮಿಶ್ರಿತ ಘಾಟು ಹೊಡೆಯಿತು. ಇದು ಗಂಧಕದ ಹೊಗೆ ಹಾಕಿದ ಲಕ್ಷಣ. ಹುಳು ಮತ್ತು ಬೂಷ್ಟು ಬಾರದಿರಲಿ, ಬಣ್ಣ ತಿಳಿಯಾಗಲಿ ಎಂದು ಕೆಲವರು ಒಣ ಮೂಲಿಕೆಗಳಿಗೆ ಗಂಧಕದ ಹೊಗೆ ಕೊಡುತ್ತಾರೆ. ಬಹುಪಾಲು ಮೂಲಿಕೆಗಳಲ್ಲಿ ಉಳಿಯಬಹುದಾದ ಸಲ್ಫರ್ ಡಯಾಕ್ಸೈಡ್‌ಗೆ ಚೀನಾದ ಔಷಧ ಸಂಹಿತೆ ಕಿಲೋಗ್ರಾಂಗೆ 150 ಮಿಲಿಗ್ರಾಂ ಮಿತಿ ಹಾಕಿದೆ, ಆದರೆ ಆ ಮಿತಿ ಮೀರಿದೆಯೇ ಇಲ್ಲವೇ ಎಂದು ಮನೆಯಲ್ಲಿ ಅಳೆಯಲು ಸಾಧ್ಯವಿಲ್ಲ. ಆಸ್ತಮಾ ಇರುವವರಿಗೆ ಅಂಥ ಸರಕು ತೊಂದರೆ ಕೊಡಬಲ್ಲದು. ಹೀಗಾಗಿ ಮೂಗನ್ನೇ ನಂಬಬೇಕು. ಒಳ್ಳೆಯ ಹ್ವಾಂಗ್‌ಚೀ ಹಾಲಿನಂತೆ ಬೆಳ್ಳಗಿರುವುದಿಲ್ಲ, ಅದರಲ್ಲಿ ಹುಳಿ ವಾಸನೆ ಇರುವುದೇ ಇಲ್ಲ. ನಾನು ಆ ಪೊಟ್ಟಣವನ್ನು ಹಿಂದಿರುಗಿಸಿದೆ.

ಚೀನೀ ವೈದ್ಯಪದ್ಧತಿಯಲ್ಲಿ ಈ ಬೇರಿನ ಸ್ಥಾನ ಬಹಳ ಹಳೆಯದು ಮತ್ತು ದೊಡ್ಡದು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಮೂಲಿಕಾ ಸಂಗ್ರಹದಲ್ಲಿಯೇ ಇದರ ಉಲ್ಲೇಖವಿದೆ. ಆ ಪದ್ಧತಿಯ ಪ್ರಕಾರ ಇದು ಸಿಹಿರಸದ, ಸ್ವಲ್ಪ ಉಷ್ಣಗುಣದ ಬೇರು. ಶ್ವಾಸಕೋಶ ಮತ್ತು ಗುಲ್ಮಗಳ ಶಕ್ತಿಯನ್ನು ಹೆಚ್ಚಿಸುತ್ತದೆ, ಸುಮ್ಮಸುಮ್ಮನೆ ಬೆವರುವುದನ್ನು ತಡೆಯುತ್ತದೆ, ಮೈಯ ಹೊರಪದರಕ್ಕೆ ಕಾವಲು ನಿಲ್ಲುತ್ತದೆ. ಪದಾರ್ಥಗಳನ್ನು ಉಷ್ಣ, ತಂಪು ಎಂದು ವಿಂಗಡಿಸಿ ಉಣ್ಣುವ ನಮಗೆ ಈ ಭಾಷೆ ಅಪರಿಚಿತವೇನಲ್ಲ. 12 ಮತ್ತು 13ನೇ ಶತಮಾನಗಳಲ್ಲಿ ಬದುಕಿದ್ದ ವೈದ್ಯ ಲೀ ಡೊಂಗ್‌ಯ್ವಾನ್ ಜೀರ್ಣಾಂಗಗಳ ದುರ್ಬಲತೆಯೇ ಅನೇಕ ಕಾಯಿಲೆಗಳ ಮೂಲವೆಂದು ವಾದಿಸಿ, ಹ್ವಾಂಗ್‌ಚೀಯನ್ನೇ ಪ್ರಧಾನವಾಗಿಟ್ಟುಕೊಂಡು ಕಷಾಯಗಳನ್ನು ರಚಿಸಿದರು. ಅವರ ಹೆಸರಿನಲ್ಲಿರುವ ಒಂದು ಕಷಾಯದಲ್ಲಿ ಎರಡೇ ಬೇರುಗಳಿವೆ: ಹ್ವಾಂಗ್‌ಚೀ ಐದು ಭಾಗ, ಡಾಂಗ್‌ಗ್ವೀ ಒಂದು ಭಾಗ. ರಕ್ತವನ್ನು ಹೆಚ್ಚಿಸಲೆಂದು ಮಾಡಿದ ಆ ಕಷಾಯವನ್ನು ಹೆರಿಗೆಯ ನಂತರದ ಆರೈಕೆಯಲ್ಲಿ ಇಲ್ಲಿನ ಚೀನೀ ಕುಟುಂಬಗಳು ಇಂದಿಗೂ ಬಳಸುತ್ತವೆ. ಔಷಧದಿಂದ ಅಡುಗೆಗೆ ಇದು ಬಂದದ್ದೂ ಹೊಸತೇನಲ್ಲ. 11ನೇ ಶತಮಾನದ ಕವಿ ಸೂ ಡೊಂಗ್‌ಪೋ ವಸಂತಾಗಮನದ ದಿನ ಕಾಯಿಲೆ ಮಲಗಿದ್ದಾಗ ಬರೆದ ಪದ್ಯದಲ್ಲಿ ಹ್ವಾಂಗ್‌ಚೀ ಹಾಕಿ ಬೇಯಿಸಿದ ಗಂಜಿಯ ಮಾತು ಬರುತ್ತದೆ. ಆದರೂ ಚೀನಾ ಸರಕಾರ ಇದನ್ನು ಆಹಾರವೂ ಹೌದು, ಔಷಧವೂ ಹೌದು ಎಂಬ ಅಧಿಕೃತ ಪಟ್ಟಿಗೆ ಸೇರಿಸಿದ್ದು 2023ರ ನವೆಂಬರ್‌ನಲ್ಲಿ, ಡಾಂಗ್‌ಶೆನ್ ಎಂಬ ಬೇರು ಮುಂತಾದ ಇತರ ಎಂಟು ವಸ್ತುಗಳೊಂದಿಗೆ.

ಇನ್ನು ಅಡುಗೆಮನೆಯ ವಿಷಯ. ಚೀನೀ ಮನೆಗಳಲ್ಲಿ ಇದನ್ನು ಹೆಚ್ಚಾಗಿ ಕೋಳಿಯ ಅಥವಾ ಹಂದಿಯ ಮೂಳೆಯ ಸೂಪಿಗೆ ಹಾಕುತ್ತಾರೆ. ನಾವು ಸಸ್ಯಾಹಾರಿಗಳು. ಆದ್ದರಿಂದ ನನ್ನ ನೆರೆಯ ಚೀನೀ ಅಜ್ಜಿಯೊಬ್ಬರು ಕಲಿಸಿದಂತೆ ಒಣ ಶಿಟಾಕೆ ಅಣಬೆ, ಮುಸುಕಿನ ಜೋಳದ ತುಂಡು, ಗಜ್ಜರಿ, ಹಸಿ ಕಡಲೇಕಾಯಿ ಬೀಜ ಹಾಕಿ ಸೂಪ್ ಮಾಡುವುದನ್ನು ಮೊದಲು ರೂಢಿ ಮಾಡಿಕೊಂಡೆ. ಹೋಳುಗಳನ್ನು ಒಮ್ಮೆ ತೊಳೆದು ಅರ್ಧ ಗಂಟೆ ನೆನೆಸಿ, ನೆನೆಸಿದ ನೀರಿನ ಸಮೇತ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಬೇಕು. ಫ್ಲಾಸ್ಕಿಗೆ ಹಾಕಿ ಬಿಸಿನೀರು ಹೊಯ್ದರೆ ಬಣ್ಣ ಬರುತ್ತದೆಯೇ ಹೊರತು ರುಚಿ ಇಳಿಯುವುದಿಲ್ಲ. ಇದು ಎಲೆಯಲ್ಲ, ಗಟ್ಟಿ ಬೇರು, ಕುದಿತ ಬೇಕೇ ಬೇಕು. ಕುದಿದ ಮೇಲೆ ನೀರು ತಿಳಿ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಸೂಪಿಗೆ ಮೆಲುವಾದ ಸಿಹಿಯೂ ಒಂದು ತೆರನಾದ ತೂಕವೂ ಬರುತ್ತದೆ. ಹೋಳುಗಳನ್ನು ತಿನ್ನಲಾಗುವುದಿಲ್ಲ, ಎಷ್ಟು ಬೇಯಿಸಿದರೂ ನಾರು ನಾರೇ, ತೆಗೆದು ಎಸೆಯಬೇಕು. ಅದೇ ಹೋಳುಗಳನ್ನು ಅದೇ ದಿನ ಇನ್ನೊಮ್ಮೆ ಕುದಿಸಿ ಚಹಾದಂತೆ ಕುಡಿಯಬಹುದು.

ನಮ್ಮ ಅಡುಗೆಗೆ ಇದನ್ನು ಹೊಂದಿಸುವುದು ನನಗೆ ಹೆಚ್ಚು ಖುಷಿ ಕೊಟ್ಟ ಕೆಲಸ. ಹುಣಸೆಹುಳಿ, ಟೊಮೆಟೊ ಇರುವ ಸಾರಿಗೆ ಇದು ಹೊಂದುವುದಿಲ್ಲ. ಹುಳಿ ಮೇಲುಗೈ ಪಡೆದು ಬೇರಿನ ಸಿಹಿ ಅಡಗಿಹೋಗುತ್ತದೆ, ಸೊಗಡು ಮಾತ್ರ ಉಳಿಯುತ್ತದೆ. ಬೇರನ್ನು ಮೊದಲು ಬೇರೆಯಾಗಿ ಕುದಿಸಿ, ಸೋಸಿದ ಆ ನೀರಿನಲ್ಲಿ ತೊಗರಿಬೇಳೆ ಬೇಯಿಸಿ, ಬೇಳೆಯ ಕಟ್ಟಿಗೆ ಮೆಣಸು, ಜೀರಿಗೆ, ತುಪ್ಪದ ಇಂಗಿನ ಒಗ್ಗರಣೆ ಕೊಟ್ಟರೆ ಕಾಳಿನ ಸೊಗಡು ಬೇಳೆಯ ಸ್ವಾದದಲ್ಲಿ ಬೆರೆತು, ಹೊರಗಿನ ವಸ್ತುವೊಂದು ಸೇರಿದೆ ಎಂಬ ಅನುಮಾನವೇ ಬಾರದಂತಹ ತಿಳಿಸಾರಾಗುತ್ತದೆ. ನಿಂಬೆರಸವನ್ನು ಬೇಕಾದವರು ಬಡಿಸಿಕೊಂಡ ಮೇಲೆ ಹಿಂಡಿಕೊಳ್ಳಬಹುದು. ಅನ್ನದ ಗಂಜಿಗೂ ಇದೇ ಕ್ರಮ. ಸೋಸಿದ ನೀರಿನಲ್ಲಿ ಅಕ್ಕಿಯನ್ನು ಮೆತ್ತಗೆ ಬೇಯಿಸಿ ಉಪ್ಪು, ಸ್ವಲ್ಪ ತುಪ್ಪ ಹಾಕಿದರೆ ನನ್ನ ಅತ್ತೆಯವರು ಉಪ್ಪಿನಕಾಯಿ ಸಹ ಕೇಳದೆ ಊಟ ಮುಗಿಸುತ್ತಾರೆ. ಚಹಾದಂತೆ ಕುಡಿಯಬೇಕೆನ್ನುವವರು ಹೋಳುಗಳ ಜೊತೆ ಚೀನೀ ಕೆಂಪು ಖರ್ಜೂರವನ್ನು ಸೇರಿಸುತ್ತಾರೆ. ಹೆಸರು ಖರ್ಜೂರವಾದರೂ ಅದು ನಮ್ಮ ಎಲಚಿಹಣ್ಣಿನ ಜಾತಿಯದು. ಬೀಜ ತೆಗೆದು ನಾಲ್ಕು ಹಣ್ಣು ಹಾಕಿದರೆ ಸಕ್ಕರೆ ಬೇಕಾಗುವುದಿಲ್ಲ.

ಪ್ರಮಾಣದ ಬಗ್ಗೆ ಅಳತೆ ತಪ್ಪಬಾರದು. ಚೀನಾದ ಔಷಧ ಸಂಹಿತೆ ಒಬ್ಬರಿಗೆ ದಿನಕ್ಕೆ 9ರಿಂದ 30 ಗ್ರಾಂ ಎಂದು ಹೇಳುತ್ತದೆ, ಆದರೆ ಅದು ವೈದ್ಯರು ನಾಡಿ ನೋಡಿ ಕೊಡುವ ಕಷಾಯದ ಲೆಕ್ಕ. ಮನೆಯ ಅಡುಗೆಯಲ್ಲಿ ಮೂರು ನಾಲ್ಕು ಜನರ ಸೂಪಿಗೆ 10ರಿಂದ 15 ಗ್ರಾಂ ಸಾಕು, ವಾರಕ್ಕೆ ಒಂದೆರಡು ಸಲ ಮಾಡಿದರೆ ಸಾಕು. ಸಿಂಗಪುರದ ಸೆಕೆಯಲ್ಲಿ ಪ್ರತಿದಿನ ಕುಡಿಯುವುದನ್ನು ನಮ್ಮ ಅಂಗಡಿಯ ಹಿರಿಯರೇ ಒಪ್ಪುವುದಿಲ್ಲ. ಬಾಯಿಹುಣ್ಣು, ಕಣ್ಣುರಿ, ಮಲಬದ್ಧತೆ ಇರುವ ಉಷ್ಣ ದೇಹದವರಿಗೆ ಇದು ಸರಿಹೋಗುವುದಿಲ್ಲ ಎಂಬುದು ಅವರ ಖಚಿತ ಮಾತು.

ಇದರಿಂದ ಏನು ಪ್ರಯೋಜನವಾಯಿತು ಎಂಬ ಪ್ರಶ್ನೆಗೆ ನಾನು ಉತ್ಪ್ರೇಕ್ಷೆಯಿಲ್ಲದೆ ಉತ್ತರಿಸಬೇಕು. ರಾತ್ರಿ ಹಗುರವಾಗಿ ಉಣ್ಣಬೇಕೆನ್ನುವ ದಿನ ಈ ಸೂಪು ಅಥವಾ ಗಂಜಿ ಹೊಟ್ಟೆಗೆ ಹಿತವಾಗಿರುತ್ತದೆ, ತೃಪ್ತಿ ಕೊಡುತ್ತದೆ, ಮರುದಿನ ಮೈ ಭಾರವೆನಿಸುವುದಿಲ್ಲ. ಇದರಲ್ಲಿ ಬೇರಿನ ಪಾಲೆಷ್ಟು, ಬಿಸಿಬಿಸಿಯಾದ ತರಕಾರಿ ಸೂಪಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಆಗದ ಮಾತು. ಮಕ್ಕಳಿಗೆ ನೆಗಡಿ ಬರುವುದು ನಿಂತಿತು ಎಂದು ಹೇಳುವವರ ಮಾತನ್ನು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಶಾಲೆಯ ನೆಗಡಿ ಶಾಲೆಯ ಲೆಕ್ಕದಲ್ಲೇ ಬಂದು ಹೋಗುತ್ತಿದೆ.

ವಿಜ್ಞಾನದ ನಿಲುವೂ ಇಂಥದೇ ಎಚ್ಚರಿಕೆಯದು. ಬೇರಿನಲ್ಲಿ ಪಾಲಿಸ್ಯಾಕರೈಡ್‌ಗಳು, ಆಸ್ಟ್ರಗಲೊಸೈಡ್ ಎಂಬ ಸ್ಯಾಪೊನಿನ್‌ಗಳು ಮತ್ತು ಫ್ಲೇವನಾಯ್ಡ್‌ಗಳು ಎಂಬ ರಾಸಾಯನಿಕ ಅಂಶಗಳು ಇವೆ. ಪ್ರಯೋಗಾಲಯದಲ್ಲಿ ಇವು ರೋಗನಿರೋಧಕ ಕೋಶಗಳ ಮೇಲೆ ಪರಿಣಾಮ ಬೀರುವುದು ಕಂಡಿದೆ. ಆದರೆ ಮನುಷ್ಯರ ಮೇಲಿನ ಅಧ್ಯಯನಗಳು ಬಹುಪಾಲು ಚಿಕ್ಕವು, ಅವುಗಳ ವಿಧಾನದಲ್ಲಿ ಕೊರತೆಗಳಿವೆ. ದೀರ್ಘಕಾಲದ ಮೂತ್ರಪಿಂಡದ ಕಾಯಿಲೆಯಲ್ಲಿ ಹ್ವಾಂಗ್‌ಚೀ ಬಳಕೆಯ ಬಗ್ಗೆ 2014ರಲ್ಲಿ ಬಂದ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯು 1323 ಜನರನ್ನು ಒಳಗೊಂಡ 22 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕೆಲವು ಆಶಾದಾಯಕ ಸೂಚನೆಗಳಿದ್ದರೂ ಸಾಕ್ಷ್ಯದ ಗುಣಮಟ್ಟ ಕಡಿಮೆ ಎಂದು ತೀರ್ಮಾನಿಸಿತು. ಆರೋಗ್ಯವಂತರು ದಿನನಿತ್ಯ ಕುಡಿದರೆ ಕಾಯಿಲೆಯೇ ಬಾರದು ಎಂದು ಹೇಳಲು ಬೇಕಾದ ಪುರಾವೆ ಇಲ್ಲ. ಅಂಗಡಿಯ ಫಲಕದಲ್ಲಿ ಹಾಗೆ ಬರೆದಿದ್ದರೆ ಅದನ್ನು ಜಾಹೀರಾತು ಎಂದೇ ಓದಬೇಕು.

ಯಾರು ಇದನ್ನು ಮುಟ್ಟಬಾರದು ಎಂಬುದನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ, ಏಕೆಂದರೆ ಬೇರು, ನಾರು ಎಂದರೆ ಅಪಾಯವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮೂತ್ರಪಿಂಡ ಅಥವಾ ಯಕೃತ್ತಿನ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್, ರುಮಟಾಯ್ಡ್ ಸಂಧಿವಾತದಂಥ ಕಾಯಿಲೆ ಇರುವವರು ಇದರಿಂದ ದೂರವಿರಬೇಕು, ಏಕೆಂದರೆ ಆ ಮಾತ್ರೆಗಳು ಮಾಡುವ ಕೆಲಸಕ್ಕೆ ಈ ಬೇರು ಅಡ್ಡ ಬರಬಹುದು. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಸೇವಿಸುವವರಿಗೂ ಇದು ಸಲ್ಲದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಔಷಧ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳದೆ ಆರಂಭಿಸಬಾರದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗರ್ಭಕ್ಕೆ ಹಾನಿಯ ಸೂಚನೆ ಸಿಕ್ಕಿರುವುದರಿಂದ ಗರ್ಭಿಣಿಯರು ತಪ್ಪಿಸುವುದು ಒಳ್ಳೆಯದು. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಪ್ರೀತಿಯಿಂದ ಸೂಪ್ ಮಾಡಿ ಬಡಿಸುವ ಮೊದಲು ಅವರು ಯಾವ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ವಿಚಾರಿಸಿಕೊಳ್ಳಿ. ಸಿಂಗಪುರದಲ್ಲಿ ಚೀನೀ ವೈದ್ಯರಿಗೆ ಸರಕಾರಿ ನೋಂದಣಿ ಕಡ್ಡಾಯವಾಗಿದೆ. ಸಂದೇಹವಿದ್ದರೆ ನೋಂದಾಯಿತ ವೈದ್ಯರನ್ನೇ ಕಾಣಬಹುದು, ಆದರೆ ನೀವು ತೆಗೆದುಕೊಳ್ಳುವ ಅಲೋಪತಿ ಔಷಧಗಳ ಪಟ್ಟಿಯನ್ನು ಅವರ ಮುಂದೆ ಇಡಲು ಮರೆಯಬಾರದು.

ಇದೇ ಬೇರಿನ ಬೇರೆ ರೂಪಗಳೂ ಅಂಗಡಿಯಲ್ಲಿವೆ. ಜೇನು ಹಾಕಿ ಹುರಿದ ಹ್ವಾಂಗ್‌ಚೀ ಕಂದು ಬಣ್ಣದ್ದು, ಕೈಗೆ ಸ್ವಲ್ಪ ಅಂಟುತ್ತದೆ, ಸಿಹಿ ಹೆಚ್ಚು. ಜೀರ್ಣಶಕ್ತಿ ಕುಗ್ಗಿದವರಿಗೆ ವೈದ್ಯರು ಅದನ್ನು ಸೂಚಿಸುತ್ತಾರೆ, ಅಡುಗೆಗೆ ಹುರಿಯದೆ ಒಣಗಿಸಿದ ಹೋಳುಗಳೇ ಮೇಲು. ಪುಡಿಯನ್ನು ನಾನು ಕೊಳ್ಳುವುದಿಲ್ಲ; ಪುಡಿಯಾದ ಮೇಲೆ ತಿರುಳೂ ಉಂಗುರವೂ ಕಾಣುವುದಿಲ್ಲ, ಅದು ಯಾವ ಗಿಡದ ಬೇರು ಎಂದು ಹೇಳುವವರು ಯಾರು? ಕ್ಯಾಪ್ಸೂಲ್‌ಗಳಲ್ಲಿ ಒಂದೊಂದರಲ್ಲಿ ಒಂದೊಂದು ಪ್ರಮಾಣದ ಸಾರವಿರುತ್ತದೆ, ಒಂದು ಕ್ಯಾಪ್ಸೂಲ್ ಎಷ್ಟು ಗ್ರಾಂ ಬೇರಿಗೆ ಸಮ ಎಂಬುದು ಎಲ್ಲ ಡಬ್ಬಿಗಳ ಮೇಲೆ ಸ್ಪಷ್ಟವಾಗಿರುವುದಿಲ್ಲ. ಈ ಬೇರಿನಿಂದ ತೆಗೆದ ಒಂದು ಅಂಶ ವಯಸ್ಸಾಗುವುದನ್ನೇ ತಡೆಯುತ್ತದೆ ಎಂದು ಬಲು ದುಬಾರಿ ಬೆಲೆಗೆ ಮಾರುವ ಮಾತ್ರೆಗಳೂ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿವೆ. ಮನೆಯ ಹಿರಿಯರ ಪಿಂಚಣಿ ಹಣವನ್ನು ಅಂಥವಕ್ಕೆ ಸುರಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೊಂಡು ತಂದ ಮೇಲೆ ಸಂಗ್ರಹಿಸುವ ಬಗ್ಗೆ ಒಂದು ಮಾತು. ಸಿಂಗಪುರದ ಹವೆಯಲ್ಲಿ ತೇವ ಹೆಚ್ಚು, ಬೇರು ಸಿಹಿಯಾದ್ದರಿಂದ ಹುಳುವಿಗೂ ಇಷ್ಟ. ಅಂಗಡಿಯ ಕಾಗದದ ಪೊಟ್ಟಣದಲ್ಲೇ ಬಿಟ್ಟರೆ ಹೋಳುಗಳು ಮೆತ್ತಗಾಗಿ, ಅಂಚಿನಲ್ಲಿ ಬೂದು ಚುಕ್ಕೆ ಕಾಣಿಸಿಕೊಳ್ಳುತ್ತದೆ. ಗಾಳಿಯಾಡದ ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ತಿಂಗಳು ಚೆನ್ನಾಗಿರುತ್ತದೆ. ಬೂಷ್ಟು ಬಂದ ಹೋಳನ್ನು ಬಿಸಿಲಿಗೆ ಹಾಕಿ ಉಳಿಸಿಕೊಳ್ಳಲು ಹೋಗದೆ ಇಡೀ ಬಾಟಲಿಯನ್ನು ಚೆಲ್ಲಬೇಕು. ಅದಕ್ಕಾಗಿಯೇ ಅರ್ಧ ಕಿಲೋ ಪೊಟ್ಟಣ ಅಗ್ಗವಾಗಿ ಕಂಡರೂ ಬಿಟ್ಟು, ಎರಡು ತಹಿಲ್ ಮಾತ್ರ ತೂಗಿಸಿ ತನ್ನಿ. ತೂಗುವ ಮೊದಲು ಒಂದು ಹೋಳನ್ನು ಕೇಳಿ ಪಡೆದು ಅಗಿದು ನೋಡಿ; ಒಳ್ಳೆಯ ಅಂಗಡಿಯವರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.